ಸುಳ್ಳ ಕುಬಸ

ರಾಮದುರ್ಗ
9 ಜೂನ್ 2024

ಮಗಳು ವಿಜಯಾಳಿಗೆ ಅಪ್ಪ ಬರೆದದ್ದು.

ಇಲ್ಲಿ ನಾನೂ ನಿನ್ನ ಅವ್ವನ ಹೊಲಿಗೆ ಮಷೀನೂ ಇದ್ದೇವೆ. ಅದಕ್ಕೆ ಎಣ್ಣೆ ಬಿಟ್ಟಿದ್ದೇನೆ, ನನಗೆ ಬಿಡುವವರಿಲ್ಲ, ಹಾಗಾಗಿ ಏಳುವಾಗ ಕೂರುವಾಗ ನನ್ನ ಸಪ್ಪಳವೇ ಹೆಚ್ಚು.

ನಿನ್ನೆ ಗೌರೀಶ ಬೀಜದ ಚೀಲ ಇಳಿಸಲು ಟೆಂಪೋ ತಂದವನು ಅಂಗಡಿಗೂ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಲ್ಲಿ ನಿಂತು ತನ್ನ ಚಪ್ಪಲಿ ನೋಡುತ್ತಿದ್ದ. ಅಳಿಯ ಹೀಗೆ ನಿಂತರೆ ಮಾವ ಏನು ತಿಳಿಯಬೇಕು? ಟೆಂಪೋ ಎಲ್ಲೋ ಗುದ್ದಿಸಿಕೊಂಡು ಬಂದಿದ್ದಾನೆ ಅಂತಲೇ ತಿಳಿದೆ. ಆಮೇಲೆ, "ಮಾವಾರ, ಮೂರು ತಿಂಗಳ ಆತ್ರಿ" ಅಂದ. ಟೆಂಪೋ ಕೊಂಡು ಮೂರು ತಿಂಗಳಾಯಿತೇನೋ ಅಂದುಕೊಂಡು, ಹಾಗಾದರೆ ಪೇಢೆ ಎಲ್ಲಿ ಅಂತ ಕೇಳಿದೆ. "ಟೆಂಪೋಕ್ಕಲ್ರಿ, ವಿಜಯಾಗ" ಅಂದ. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟು ಸಕ್ಕರೆ ಹಾಕಿದೆ, ಹಾಕಿದ್ದು ಮರೆತು ಮತ್ತೆ ಹಾಕಿದೆ. ಪಾಪ, ಕುಡಿದು ಹೋದ.

ನೀನು ಫೋನಿನಲ್ಲಿ ಹೇಳಲಿಲ್ಲ ಅಂತ ನನಗೆ ಬೇಸರವಿಲ್ಲ. ನಾನು ಎತ್ತುವುದಿಲ್ಲ ಅಂತ ನಿನಗೆ ಗೊತ್ತು. ಅವ್ವ ಆಸ್ಪತ್ರೆಯಲ್ಲಿ ತೀರಿಹೋದಳು ಅಂತ ಹೇಳಿದ್ದು ಆ ಫೋನೇ. ನಾನು ಆಗ ಅವಳಿಗೊಂದು ಒಗೆದ ಸೀರೆ ತರಲು ಮನೆಗೆ ಬಂದಿದ್ದೆ. ಅಂದಿನಿಂದ ಫೋನನ್ನು ಚಿಂದಿ ಡಬ್ಬಿಯೊಳಗೆ ಹಾಕಿಟ್ಟಿದ್ದೇನೆ. ಬಾರಿಸಿದರೆ ಬಟ್ಟೆಯ ಚೂರುಗಳೊಳಗೆ ಯಾರೋ ಗುಣುಗುಟ್ಟಿದಂತೆ ಕೇಳುತ್ತದೆ. ಪತ್ರವಾದರೆ ಏನು ಬಂದರೂ ಕುಳಿತುಕೊಂಡು ಓದಬಹುದು.

ಇನ್ನು ಕುಬಸದ ಮಾತು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಸರ್ ಒಂದು ಪದ ಹೇಳುತ್ತಿದ್ದರು, ಹೋಮೋ ಅಂತ ಏನೋ ಶುರುವಾಗುತ್ತದೆ, ಮುಂದಿನದು ಮರೆತಿದೆ. ಮಾತು ಒಂದೇ, ಅರ್ಥ ಎರಡು. ಬ್ಯಾಂಕ್ ಅಂದರೆ ದುಡ್ಡು ಇಡುವ ಜಾಗವೂ ಹೌದು, ಹೊಳೆಯ ದಂಡೆಯೂ ಹೌದು. ನಮ್ಮ ಕುಬಸವೂ ಅಂಥದ್ದೇ. ತೊಟ್ಟರೆ ರವಿಕೆ, ಮಾಡಿದರೆ ಕಾರ್ಯ. ಏಳನೆಯ ತಿಂಗಳಲ್ಲಿ ತವರಿನವರು ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ, ಬಳೆ ಇಡಿಸಬೇಕು. ತವರು ಅಂದರೆ ಈಗ ನಾನೊಬ್ಬ. ಕಾರ್ಯವನ್ನು ಸುರೇಬಾನದ ನಿನ್ನ ಗುರವ್ವ ಅತ್ತೆ ನಡೆಸಿಕೊಡುತ್ತಾಳೆ, ನನ್ನ ಅಕ್ಕನಿಗೆ ಅಷ್ಟು ಬಾಯಿ ಇದೆ. ರವಿಕೆಯನ್ನು ನಾನು ಹೊಲಿಯುತ್ತೇನೆ.

ಟ್ರಂಕಿನಲ್ಲಿ ಒಂದು ಹಸಿರು ಖಣ ಇದೆ, ನೀನು ನೋಡಿಲ್ಲ. ನಿನ್ನ ಮದುವೆಯಾದ ವಾರದಲ್ಲೇ ಅವ್ವ ಗುಳೇದಗುಡ್ಡದ ವ್ಯಾಪಾರಿಯ ಹತ್ತಿರ ಆರಿಸಿ ತಂದಿಟ್ಟದ್ದು. ಇಷ್ಟು ಅವಸರ ಯಾಕೆ ಅಂದಿದ್ದಕ್ಕೆ, "ಬೇಕಾದಾಗ ಇಂಥಾ ಹಸರ ಸಿಗಂಗಿಲ್ರಿ" ಅಂದಿದ್ದಳು. ಒಂದೇ ರವಿಕೆಯಷ್ಟು ಬಟ್ಟೆ. ಪೇಟೆಯಲ್ಲಿ ಹಸಿರು ಖಣ ಬೇಕಾದಷ್ಟಿವೆ, ಆದರೆ ಅವಳು ಆರಿಸಿದ್ದು ಇದೊಂದೇ. ಕತ್ತರಿ ತಪ್ಪಿದರೆ ನಾನು ಯಾರ ಹತ್ತಿರ ಹೋಗಿ ಇನ್ನೊಂದು ಕೇಳಲಿ?

ಅಳತೆ ಹಿಡಿಯುವುದು ಅವಳ ಕೆಲಸವಾಗಿತ್ತು. ಅವಳು ಪರದೆಯ ಆಚೆ ಟೇಪು ಹಿಡಿದು ಅಂಕಿ ಕೂಗುವುದು, ನಾನು ಈಚೆ ಕುಳಿತು ಬರೆದುಕೊಂಡು ಹೊಲಿಯುವುದು. ಈಗ ಆಚೆಯಿಂದ ಯಾರೂ ಕೂಗುವುದಿಲ್ಲ. ಹೆಣ್ಣುಮಕ್ಕಳು ಬರುವುದೂ ನಿಂತಿದೆ, ಸಾಲೆಯ ಹುಡುಗರ ಚಡ್ಡಿ, ದಿಂಬಿನ ಚೀಲ ಹೊಲಿಯುತ್ತೇನೆ. ಆದ್ದರಿಂದ ಅವಳ ದಾರಿಯನ್ನೇ ಹಿಡಿದಿದ್ದೇನೆ. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮಾಂಜರಪಾಟ ಅನ್ನುವ ಅಗ್ಗದ ಬಿಳಿ ಬಟ್ಟೆಯಲ್ಲಿ ಒಂದು ಹೊಲಿಸಿ ತೊಡಿಸಿ ನೋಡುತ್ತಿದ್ದಳಲ್ಲ, ಸುಳ್ಳ ಕುಬಸ ಅನ್ನುತ್ತಿದ್ದಳಲ್ಲ, ಅದು ಈ ಪತ್ರದ ಜೊತೆಗಿದೆ. ಮುನವಳ್ಳಿಯ ಮಹಾಂತಪ್ಪ ಕಂಡಕ್ಟರ್ ಆಗಿರುವ ಬಸ್ಸಿನಲ್ಲಿ ಕಳಿಸುತ್ತೇನೆ. ತೊಟ್ಟು ನೋಡು. ಎಲ್ಲಿ ಹಿಡಿಯುತ್ತದೋ ಅಲ್ಲಿ ನಿನ್ನ ಅತ್ತೆ ಕೆಂಚವ್ವನವರ ಕೈಯಿಂದ ನೀಲಿ ಚಾಕ್‌ಪೀಸಿನ ಗುರುತು ಹಾಕಿಸಿ ವಾಪಸ್ ಕಳಿಸು. ಸುಳ್ಳ ಕುಬಸ ವಾಪಸ್ ಬಾರದೆ ನಿಜದ್ದು ಆಗುವುದಿಲ್ಲ.

ಕೆಲವು ಜಾಗಗಳ ಹೆಸರನ್ನು ಅಪ್ಪ ಮಗಳಿಗೆ ಬರೆಯಲಾರ. ಅಲ್ಲೆಲ್ಲ ನಾನು ಬಸ್ಟ್ ಅಂತ ಇಂಗ್ಲಿಷಿನಲ್ಲಿ ಬರೆಯುತ್ತೇನೆ, ನೀನೂ ಹಾಗೇ ಬರೆ. ನನ್ನ ಇಂಗ್ಲಿಷ್ ಬಿ.ಎ. ಎರಡನೆಯ ವರ್ಷಕ್ಕೆ ನಿಂತದ್ದು, ನಾಚಿಕೆ ಮುಚ್ಚಲು ಸಾಕಾಗುತ್ತದೆ.

ಸಾಲೆಗೆ ಹೋಗುವಾಗ ನಿನ್ನ ಫ್ರಾಕುಗಳೆಲ್ಲ ದೊಗಳೆ ಅಂತ ಅಳುತ್ತಿದ್ದೆ, ನೆನಪಿದೆಯಾ? "ಕೂಸಿನ ಅರಿಬಿ ಬೆಳಿಯೂ ಅಳತಿಗೆ ಹೊಲೀಬೇಕ" ಅಂತ ಅವ್ವ ಪಟ್ಟು ಹಿಡಿಯುತ್ತಿದ್ದಳು. ಈ ಕುಬಸವನ್ನೂ ಹಾಗೇ ಹೊಲಿದಿದ್ದೇನೆ. ಈಗ ದೊಗಳೆಯಾದರೆ ಅಳಬೇಡ, ಬೆಳೆಯುತ್ತೀ.

ಯುವರ್ಸ್ ಫೇತ್‌ಫುಲಿ,
ಅಪ್ಪ
ಅಂದಾನೆಪ್ಪ, ಅನ್ನಪೂರ್ಣಾ ಲೇಡೀಜ್ ಟೇಲರ್ಸ್


ಬೈಲಹೊಂಗಲ
24 ಜೂನ್ 2024

ಅಪ್ಪ,

ಸುಳ್ಳ ಕುಬಸ ಮುಟ್ಟಿತು. "ನಿಮ್ಮ ಮಾವ ಈ ಪಾರ್ಸಲ್ಲಿಗೆ ಕಿಡಕಿ ಸೀಟ್ ಹಿಡೀರಿ ಅಂದಿದ್ರು" ಅಂತ ಮಹಾಂತಪ್ಪನವರು ಗೌರೀಶನಿಗೆ ಹೇಳಿದರಂತೆ. ನೀನು ಹೇಳಿರುತ್ತೀ, ನನಗೆ ಗೊತ್ತು.

ಬಿಚ್ಚಿದ ಕೂಡಲೇ ಇಲ್ಲಿ ದೊಡ್ಡ ಮಾತಾಯಿತು. ಅತ್ತೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಬಸರಿ ಇದ್ದ ಮನಿಗೆ ಕೋರಾ ಬಿಳಿ ಬಟ್ಟಿ ಕಳಸ್ತಾರೇನವಾ? ನಿಮ್ಮಪ್ಪಗ ಹೇಳಾಕ ಮನ್ಯಾಗ ಯಾರೂ ಇಲ್ಲೇನು?" ಅಂದರು. ಅಂದ ಮೇಲೆ, ಹೇಳುವವರು ಇಲ್ಲವಲ್ಲ ಅಂತ ಅವರಿಗೇ ಹೊಳೆಯಿತು. ಒಳಗೆ ಹೋಗಿ ಅರಿಶಿನ ಕಲಸಿಕೊಂಡು ಬಂದು ನಾಲ್ಕೂ ಮೂಲೆಗೆ ಹಚ್ಚಿದರು. ಒಣಗಿದ ಮೇಲೆ ತಾವೇ ತೊಡಿಸಿ, ಚಾಕ್‌ಪೀಸು ಹಿಡಿದು ನನ್ನ ಸುತ್ತ ತಿರುಗಿದರು. ಅವರಿಗೆ ಈ ಆಟ ಈಗ ಸೇರಿದೆ. ಮುಂದಿನದು ಯಾವಾಗ ಬರುತ್ತದೆ ಅಂತ ಕೇಳುತ್ತಿದ್ದಾರೆ.

ಬಸ್ಟ್ ಈಗಲೇ ಬಿಗಿ. ಬೆಳೆಯುವ ಅಳತೆ ಅಂದಿದ್ದಿ, ನಾನು ಇನ್ನೂ ಜೋರಾಗಿ ಬೆಳೆಯುತ್ತಿದ್ದೇನೆ. ಕೈ ಮೇಲೆತ್ತಿದರೆ ಕಂಕುಳಲ್ಲಿ ಕಚ್ಚುತ್ತದೆ, ಹಲಗೆಯ ಮೇಲಿನ ಡಬ್ಬಿ ಇಳಿಸಲು ಆಗುವುದಿಲ್ಲ. ಸುಕ್ಕು ಎಲ್ಲೆಲ್ಲಿ ಬೀಳುತ್ತದೆ ಅಂತ ಗೆರೆ ಹಾಕಿದ್ದೇನೆ, ನೋಡಿಕೋ. ಬೆನ್ನು ಸರಿ ಇದೆ. ಬೆನ್ನನ್ನು ನೀನು ಯಾವಾಗಲೂ ಸರಿಯಾಗಿ ಹೊಲಿಯುತ್ತಿದ್ದಿ.

ಕುಬಸದ ಕಾರ್ಯ ಇಲ್ಲೇ ಬೈಲಹೊಂಗಲದಲ್ಲಿ ಆಗಲಿ ಅಪ್ಪ. ಅವ್ವನ ದಿನಕರ್ಮ ಮುಗಿದಾಗಿನಿಂದ ನಾನು ರಾಮದುರ್ಗಕ್ಕೆ ಬಂದಿಲ್ಲ ಅಂತ ಗುರವ್ವ ಅತ್ತೆ ನಿನ್ನ ಹತ್ತಿರ ಏನೇನೋ ಆಡುತ್ತಿರಬೇಕು. ನಿನ್ನ ಮೇಲೆ ಸಿಟ್ಟಿಲ್ಲ. ಎರಡು ಸಲ ಬಸ್ಸಿನಲ್ಲಿ ಕುಳಿತಿದ್ದೆ, ಸವದತ್ತಿಯಲ್ಲಿ ಇಳಿದು ವಾಪಸ್ ಬಂದೆ. ಪರದೆ ಇನ್ನೂ ಅಲ್ಲೇ ಇದೆಯಾ? ನಾನು ಒಳಗೆ ಬಂದಾಗಲೆಲ್ಲ ಅದರ ಆಚೆಯಿಂದ "ಕೈ ಎತ್ತವಾ" ಅಂತ ಯಾರಿಗೋ ಹೇಳುತ್ತಿರುವುದು ಕೇಳುತ್ತಿತ್ತು. ಅದು ಕೇಳದ ಮನೆಯಲ್ಲಿ ನಾನು ಎಲ್ಲಿ ಕೂರಲಿ?

ಹೊತ್ತಿಗೆ ಸರಿಯಾಗಿ ಉಣ್ಣು.

ವಿಜಯಾ


ರಾಮದುರ್ಗ
28 ಜುಲೈ 2024

ಮಗಳೇ ವಿಜಯಾ,

ಮಲಪ್ರಭೆ ತುಂಬಿ ಬಂದಿದೆ, ಜನ ಸೇತುವೆಯ ಮೇಲೆ ನಿಂತು ನೋಡುತ್ತಿದ್ದಾರೆ, ನಾನು ಹೋಗಿಲ್ಲ. ನನಗೆ ನಿನ್ನ ಕಂಕುಳದ ಚಿಂತೆ ಹಿಡಿದಿದೆ.

ಕಂಕುಳ ಕಚ್ಚುತ್ತದೆ ಅಂತ ಬರೆದಿದ್ದಿಯಲ್ಲ, ನಾನು ಓದಿದವನೇ ಕತ್ತರಿ ತಗೊಂಡು ಕಂಕುಳದ ಸುತ್ತನ್ನು ಇನ್ನಷ್ಟು ಕೆಳಗೆ ಕೊರೆಯಲು ಹೋದೆ. ಕೊರೆಯುವಷ್ಟರಲ್ಲಿ ಅವ್ವನ ಬೈಗುಳ ನೆನಪಾಯಿತು. ಮುನವಳ್ಳಿಯ ಯಾರೋ ಮದುಮಗಳ ರವಿಕೆಯನ್ನು ನಾನು ಹೀಗೇ ಕೊರೆದು ಕೆಡಿಸಿದ್ದೆ. "ಕಚ್ಚತೈತಿ ಅಂದಲ್ಲೆ ಕೊರಿಬ್ಯಾಡ್ರಿ. ನೋವು ಹೇಳಿದ ಜಾಗಾದಾಗ ಇರಂಗಿಲ್ಲ, ಸುಕ್ಕು ಎತ್ತ ಮುಖ ಮಾಡೈತಿ ಅದನ್ನ ನೋಡ್ರಿ" ಅಂದಿದ್ದಳು. ಹೌದಲ್ಲ. ಕಂಕುಳವನ್ನು ಕೆಳಗಿಳಿಸಿದರೆ ಕೈ ಎತ್ತಿದಾಗ ಇಡೀ ರವಿಕೆಯೇ ಮೇಲೇಳುತ್ತದೆ. ನಿನ್ನ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಸುಕ್ಕುಗಳೆಲ್ಲ ಕಂಕುಳಿಂದ ಹೊರಟು ಬಸ್ಟಿನ ಕಡೆಗೆ ಮುಖ ಮಾಡಿದ್ದವು. ಜಾಗ ಸಾಲದಿದ್ದುದು ಅಲ್ಲಿ, ಕಚ್ಚಿದ್ದು ಇಲ್ಲಿ.

ನಿನ್ನ ಮದುವೆಯ ರವಿಕೆಯ ಖಾಕಿ ಕಾಗದದ ಪ್ಯಾಟರ್ನು ಅವ್ವನ ಕೈಯದು, ಅದಕ್ಕೆ ಕತ್ತರಿ ತಾಗಿಸಿಲ್ಲ. ಅದರ ನಕಲು ತೆಗೆದು, ನಕಲನ್ನು ಬಸ್ಟಿನ ಮಡಿಕೆ ಹಿಡಿಯುವ ಟಕ್ಸಿನ ಗೆರೆಗುಂಟ ಸೀಳಿ, ಎರಡು ಹೋಳುಗಳನ್ನು ಬೆರಳಗಲ ಸರಿಸಿ, ನಡುವೆ ಹಳೆಯ ಕ್ಯಾಲೆಂಡರಿನ ಚೂರು ಅಂಟಿಸಿದ್ದೇನೆ. ಹೀಗಾಗಿ ನಿನ್ನ ಎಡಗಡೆ ಈಗ ಒಂದು ಅಮಾವಾಸ್ಯೆ ಇದೆ, ಹೆದರಬೇಡ, ಕಾಗದದಲ್ಲಿ ಮಾತ್ರ. ನಮ್ಮ ಹೊಲಿಗೆ ಚಾರ್ಟಿನಲ್ಲಿ ಹೀಗೆ ಬಿಡುವ ಜಾಗಕ್ಕೆ ಈಸ್ ಅಂತ ಬರೆದಿದೆ. ಡಿಸೀಸ್ ಅನ್ನುವ ಪದದೊಳಗೂ ಅದೇ ಈಸ್ ಕೂತಿದೆ, ಅದು ಕೆಟ್ಟರೆ ರೋಗ ಅಂತ ಸರ್ ಹೇಳಿದ ನೆನಪು. ಅವರು ಹೇಳಿದ್ದರೋ ನಾನೇ ಕಟ್ಟಿದೆನೋ. ಅವ್ವ ಅದನ್ನು ಉಸಿರಿನ ಜಾಗ ಅನ್ನುತ್ತಿದ್ದಳು. ನಿನಗೆ ಇಬ್ಬರ ಉಸಿರಿನಷ್ಟು ಬಿಟ್ಟಿದ್ದೇನೆ.

ತೋಳು ಹೇಗೆ ಕೂರುತ್ತದೆ ಅಂತ ನೋಡಲು ಯಾರೂ ಇರಲಿಲ್ಲ. ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿ, ಬನಿಯನ್ನಿನ ಮೇಲೆ ನಾನೇ ತೊಟ್ಟು ಕನ್ನಡಿಯ ಮುಂದೆ ಕೈ ಎತ್ತಿ ಇಳಿಸುತ್ತಿದ್ದೆ. ಪಕ್ಕದ ಬೀರವ್ವ ರೊಟ್ಟಿ ತಂದವಳು ಬಾಗಿಲು ತಳ್ಳಿಕೊಂಡು ಬಂದೇಬಿಟ್ಟಳು. ಹೆದರುತ್ತಾಳೇನೋ ಅಂದರೆ, ನಿಧಾನಕ್ಕೆ ರೊಟ್ಟಿ ಕೆಳಗಿಟ್ಟು, "ಅಣ್ಣಾರ, ಕುಬಸ ಯಾರಿಗೆ ಮಾಡಾಕತ್ತಾರ್ರಿ, ಮಗಳಿಗೋ ನಿಮಗೋ?" ಅಂದಳು. ಈಗ ಇಡೀ ಓಣಿಗೆ ನನಗೆ ಎಷ್ಟನೆಯ ತಿಂಗಳು ಅನ್ನುವುದು ಗೊತ್ತು.

ಅವಳು ಹೋದ ಮೇಲೆ ಬಹಳ ಹೊತ್ತು ನಗು ಬಂತು. ನಿನ್ನ ಅವ್ವ ಹೋದ ಮೇಲೆ ಈ ಮನೆಯಲ್ಲಿ ಒಬ್ಬನೇ ನಕ್ಕದ್ದು ಅದೇ ಮೊದಲು. ಸಪ್ಪಳ ನನಗೇ ಹೊಸದೆನಿಸಿತು.

ಕಾರ್ಯ ಅಲ್ಲೇ ಆಗಲಿ, ಹಟ ಇಲ್ಲ. ಗಣಪತಿ ಕಳಿಸಿದ ಮೇಲೆ, ಪಕ್ಷಮಾಸ ಹಿಡಿಯುವ ಮುಂಚಿನ ಭಾನುವಾರ ಅಂತ ಗುರವ್ವ ಗೊತ್ತು ಮಾಡಿದ್ದಾಳೆ. ಬಳೆಗಾರನಿಗೂ ಹೇಳಿಯಾಗಿದೆ. ಈ ಎರಡನೆಯ ಸುಳ್ಳ ಕುಬಸವನ್ನು ಈಗಲೇ ತೊಡಬೇಡ, ಕಾರ್ಯ ಹತ್ತಿರ ಬಂದಾಗ ತೊಟ್ಟು ಗುರುತು ಹಾಕಿ ಕಳಿಸು. ಅದು ಬಂದ ಮೇಲೆಯೇ ಖಣಕ್ಕೆ ಕತ್ತರಿ. ಬಿಳಿ ಅಂತ ಅತ್ತೆಯವರು ಮನಸ್ಸಿಗೆ ಹಚ್ಚಿಕೊಳ್ಳದಿರಲಿ, ಈ ಸಲ ನಾನೇ ಮೂಲೆಗೆ ಅರಿಶಿನ ಹಚ್ಚಿದ್ದೇನೆ, ಸ್ವಲ್ಪ ಹೆಚ್ಚೇ ಆಗಿದೆ.

ಪರದೆ ಇದೆ. ಅದನ್ನು ಸರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಈಚೆಯೇ ಕೂರುತ್ತೇನೆ.

ಯುವರ್ಸ್ ಸಿನ್ಸಿಯರ್ಲಿ,
ಅಪ್ಪ


ಬೈಲಹೊಂಗಲ
5 ಸೆಪ್ಟೆಂಬರ್ 2024

ಅಪ್ಪ,

ಕುಬಸ ಬೇಡ. ಅಳತೆ ಈಗ ಹೊಂದುವುದಿಲ್ಲ. ಖಣಕ್ಕೆ ಕತ್ತರಿ ಹಾಕಬೇಡ, ಮಡಚಿ ಹಾಗೇ ಇಡು.

ಹೆಚ್ಚು ಬರೆಯಲಾರೆ.

ವಿಜಯಾ


ರಾಮದುರ್ಗ
8 ಸೆಪ್ಟೆಂಬರ್ 2024

ವಿಜಯಾ,

ನಿನ್ನ ಚೀಟಿ ಬಂತು. ಕುಬಸ ಬೇಡ ಅಂದರೆ ಹೇಗೆ? ಎರಡು ಸಲ ತಪ್ಪಿದ ಕೂಡಲೇ ಬೇಡ ಅನ್ನುವುದು ಗಿರಾಕಿಗಳ ಮಾತಾಯಿತು. ನಿನ್ನ ಅವ್ವನ ಹತ್ತಿರ ಹಾಗೆ ಅಂದು ನೋಡಬೇಕಿತ್ತು. ಸುರೇಬಾನದ ದೇಸಾಯರ ಸೊಸೆಗೆ ನಾಲ್ಕು ಸುಳ್ಳ ಕುಬಸ ಹೊಲಿಸಿದವಳು ಅವಳು, ಐದನೆಯದಕ್ಕೆ ಆ ಹೆಣ್ಣುಮಗಳು ಕನ್ನಡಿ ಬಿಟ್ಟು ಹೋಗಲಿಲ್ಲ.

ಅಳತೆ ಹೊಂದುವುದಿಲ್ಲ ಅಂದಿ. ಹೊಂದುವುದಿಲ್ಲ ಅಂದರೆ ಬಿಗಿಯೋ ಸಡಿಲೋ, ಎಲ್ಲಿ, ಏನೂ ಇಲ್ಲ. ಎರಡನೆಯ ಸುಳ್ಳ ಕುಬಸವೂ ವಾಪಸ್ ಬರಲಿಲ್ಲ. ಗುರುತಿಲ್ಲದೆ ನಾನು ಕುರುಡ. ಇರಲಿ, ಈ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಬೇಸರ ಬರುತ್ತದೆ, ಮೈ ಭಾರ, ಯಾವುದೂ ಬೇಡ ಅನಿಸುತ್ತದೆ ಅಂತ ಗುರವ್ವ ಹೇಳಿದಳು. ನಾನು ಬಿಗಿಯಾಗಿದೆ ಅಂತಲೇ ತಿಳಿದು ಮೂರನೆಯದನ್ನು ಹೊಲಿದಿದ್ದೇನೆ. ಬಸ್ಟಿನಲ್ಲಿ ಇನ್ನೂ ಜಾಗ ಬಿಟ್ಟಿದ್ದೇನೆ. ಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಮಾರ್ಜಿನ್ ಇದೆ, ಬಿಚ್ಚಿದರೆ ಇನ್ನೂ ಬರುತ್ತದೆ. ಹುಕ್ಕು ಮುಂದೆ ಇಟ್ಟಿದ್ದೇನೆ, ಕುಳಿತಲ್ಲೇ ಹಾಕಿಕೊಳ್ಳಬಹುದು. ಈಗ ಎಷ್ಟು ಬೇಕಾದರೂ ಬೆಳೆ.

ಅವ್ವನ ದೊಡ್ಡ ಕತ್ತರಿಗೆ ಸಾಣೆ ಹಿಡಿಸಿದೆ. ಹಿಡಿಸಿದ ಮೇಲೆ ಕಾಗದ ಕತ್ತರಿಸಿ ನೋಡಿದೆ, ನೀರಿನಲ್ಲಿ ಹೋದಂತೆ ಹೋಯಿತು. ಖಣವನ್ನು ಟ್ರಂಕಿನಿಂದ ತೆಗೆದು ಗಾಳಿಗೆ ಹರವಿದ್ದೇನೆ. ಮಡಿಕೆಯ ಗೆರೆಯಲ್ಲೂ ಬಣ್ಣ ಹೋಗಿಲ್ಲ.

ಈ ಪತ್ರ ಕಂಡ ದಿನವೇ ಗುರುತು ಹಾಕಿ ಮಹಾಂತಪ್ಪನ ಕೈಗೆ ಕೊಡು. ಬರುವ ಭಾನುವಾರ ಮುಂಜಾನೆಯ ಬಸ್ಸಿಗೆ ನಾನೂ ಗುರವ್ವನೂ ಹೊರಡುತ್ತೇವೆ. ಬಳೆಗಳನ್ನು ಅವಳು ಈಗಲೇ ತರಿಸಿಟ್ಟುಕೊಂಡು ದಿನಾ ಎಣಿಸುತ್ತಿದ್ದಾಳೆ.

ಯುವರ್ಸ್ ಒಬಿಡಿಯಂಟ್ಲಿ,
ಅಪ್ಪ


ಬೈಲಹೊಂಗಲ
11 ಸೆಪ್ಟೆಂಬರ್ 2024

ಬೀಗರಿಗೆ ಕೆಂಚವ್ವ ಮಾಡುವ ಶರಣು. ನಾ ಹೇಳಾಕತ್ತೀನಿ, ಗೌರೀಶ ಬರಿಯಾಕತ್ತಾನ. ಕುಂತು ಓದ್ರಿ.

ಕೂಸು ಹೋತ್ರಿ. ಹೋದ ವಾರ, ಮಂಗಳವಾರ. ಕೂಸು ಒಳಗ ಆಡೂದು ನಿಂತೈತಿ ಅನಸಾಕತ್ತೈತಿ ಅಂತ ವಿಜಯಾ ಅಂದ್ಲು, ದವಾಖಾನಿಗೆ ಕರಕೊಂಡ ಹೋದ್ವಿ. ಒಳಗ ಉಸರ ಇಲ್ಲ ಅಂದ್ರು. ಆದ್ರೂ ಹಡೀಬೇಕಲ್ರಿ. ಹಡದ್ಲು. ಹೆಣ್ಣಕೂಸು. ಬಾಯಿ ವಿಜಯಾನ ಅವ್ವಂದ, ನಿಮ್ಮ ಅನ್ನಪೂರ್ಣಾಬಾಯಾರದ ಇತ್ತು.

ನಿಮಗ ಫೋನ್ ಮಾಡ್ತೀವಿ ಅಂದ್ರ ವಿಜಯಾ ಬಿಡಲಿಲ್ಲ. ಅವ್ವನ ಸುದ್ದಿನೂ ಅಪ್ಪಗ ಫೋನ್ಯಾಗ ಬಂದೈತಿ, ಇದನ್ನ ನಾನ ಬರದು ತಿಳಸ್ತೀನಿ ಅಂದ್ಲು. ಕುಬಸ ಬ್ಯಾಡ ಅಂತ ಬರದೀನಿ, ಅಪ್ಪಗ ಅಷ್ಟರಾಗ ತಿಳೀತೈತಿ ಅಂದ್ಲು. ನಿನ್ನೆ ನಿಮ್ಮ ಪಾರ್ಸಲ್ ಬಂತು. ಗೌರೀಶ ಓದಿ ಹೊರಗ ಹೋಗಿ ಕುಂತ. ನಾ ಅದನ್ನ ಮುಚ್ಚಿ ಇಡಾಕ ಹೋದ್ರ, ವಿಜಯಾ ನನ್ನ ಕೈಯಾಗಿಂದ ಕಸಕೊಂಡ್ಲು.

ಹೆಂಗಸರ ಮಾತು, ಆದರೂ ಹೇಳಬೇಕು. ಕೂಸಿಲ್ಲ ಅಂತ ಎದಿಗೆ ಗೊತ್ತಾಗಂಗಿಲ್ರಿ. ಹಾಲು ಬಂದಾವ. ಎದಿ ಕಲ್ಲಾಗ್ಯಾವ. ಅಕೀದು ಒಂದು ಕುಬಸನೂ ಮುಂದ ಕೂಡವಲ್ದು, ಮೈಮ್ಯಾಲ ಸೀರಿ ಸುತಗೊಂಡು ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ಲು. ನಿಮ್ಮ ಸುಳ್ಳ ಕುಬಸ ತೊಟ್ಲು ನೋಡ್ರಿ, ಅದು ಕೂಡ್ತು. ನಿನ್ನೆಯಿಂದ ಅದ ಮೈಮ್ಯಾಗ ಐತಿ. ಒಗ್ಯಾಕ ಕೊಡವಲ್ಲಳು.

ಬಿಳಿ ಬಟ್ಟಿ ಅಂತ ನಾ ಆವತ್ತ ಒಂದು ಮಾತು ಆಡಿದ್ದೆ. ಅದನ್ನ ನೀವು ಹಿಡಕೊಂಡು ಕುಂದ್ರಬ್ಯಾಡ್ರಿ. ಬಟ್ಟಿ ಏನ ಮಾಡೀತು. ನನ್ನ ನಾಲಗಿ ಸುಡಲಿ.

ಬಳಿ ತರಬ್ಯಾಡ್ರಿ.

ಕೆಂಚವ್ವ

(ಮಾವಾರ, ಅವ್ವ ಹೇಳಿದ ಹಾಗೆ ಬರೆದಿದ್ದೇನೆ. ನನಗೆ ಬೇರೆ ಏನೂ ಬರೆಯಲು ತಿಳಿಯದು. — ಗೌರೀಶ)


ರಾಮದುರ್ಗ
13 ಸೆಪ್ಟೆಂಬರ್ 2024

ವಿಜಯಾ, ನನ್ನವ್ವಾ,

ಬೀಗತಿಯವರ ಪತ್ರ ಕುಳಿತೇ ಓದಿದೆ. ಓದಿ ಮಡಚಿಟ್ಟು, ಮಷೀನಿನ ಮೇಲಿದ್ದ ಚಡ್ಡಿಯನ್ನು ಮುಗಿಸಿದೆ. ಮುಗಿದ ಮೇಲೆ ನೋಡಿದರೆ ಎರಡು ಕಾಲುಗಳನ್ನೂ ಕೂಡಿಸಿ ಹೊಲಿದಿದ್ದೆ.

ಒಂದು ಮಾತು, ಎರಡು ಅರ್ಥ ಅಂತ ನಿನಗೆ ಬರೆದವನು ನಾನು. ಕುಬಸ ಬೇಡ ಅಂದಾಗ ಬಟ್ಟೆಯದೊಂದೇ ಅರ್ಥ ನನಗೆ ತಿಳಿಯಿತು. ಸುಕ್ಕು ಎತ್ತ ಮುಖ ಮಾಡಿದೆ ಅಂತ ನೋಡಲಿಲ್ಲ. ಎಷ್ಟು ಬೇಕಾದರೂ ಬೆಳೆ ಅಂತ ಬರೆದೆ. ನೀನು ಅದನ್ನು ಓದಿದಿ.

ಸುರೇಬಾನಕ್ಕೆ ಹೋಗಿ ಗುರವ್ವನಿಗೆ ಹೇಳಿದೆ. ಅವಳು ಅಳಲಿಲ್ಲ, ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಬಳೆಗಾರ ವಾಪಸ್ ತಗೊಂಡು ಅವಳಿಗೆ ನೀರು ಕೊಟ್ಟನಂತೆ. ಬೀರವ್ವನಿಗೆ ನಾನು ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿ ರೊಟ್ಟಿ ಇಟ್ಟು ಹೋದಳು.

ಈ ಪಾರ್ಸಲ್ಲಿನಲ್ಲಿ ಇನ್ನೆರಡು ಇವೆ. ಇವು ಮಾಂಜರಪಾಟದವಲ್ಲ. ಅವ್ವನ ನೀಲಿ ನೂಲಿನ ಸೀರೆ, ಒಗೆದು ಒಗೆದು ಬೆಣ್ಣೆಯಾಗಿತ್ತಲ್ಲ, ಅದು. ಆಸ್ಪತ್ರೆಗೆ ಒಯ್ಯಲು ತೆಗೆದಿಟ್ಟು ಒಯ್ಯಲಾಗದ ಸೀರೆ. ಅದಕ್ಕೇ ಕತ್ತರಿ ಹಾಕಿದೆ. ಎದೆಯ ಮೇಲೆ ಬಟ್ಟೆಯನ್ನು ಎರಡು ಪದರ ಮಾಡಿದ್ದೇನೆ, ಹಾಲು ಸೋರಿದರೆ ಹೊರಗೆ ಕಾಣುವುದಿಲ್ಲ. ಹುಕ್ಕು ಇಟ್ಟಿಲ್ಲ, ಒತ್ತುತ್ತದೆ. ಮುಂದೆ ಕಟ್ಟಿಕೊಳ್ಳುವ ಲಾಡಿ ಇದೆ. ಈಗ ಸಡಿಲಾಗಿ ಕಟ್ಟಿಕೋ. ಹಾಲು ಇಳಿಯುತ್ತ ಹೋದಂತೆ ದಿನಕ್ಕೆ ಇಷ್ಟಿಷ್ಟೇ ಹತ್ತಿರ ತಂದುಕೋ. ಅವಸರ ಮಾಡಬೇಡ. ಈ ಮಾತುಗಳಿಗೆ ಇಂಗ್ಲಿಷ್ ಇರಬಹುದು, ನನಗೆ ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳಲೂ ಇಲ್ಲ.

ಇವಕ್ಕೆ ಗುರುತು ಹಾಕಬೇಡ. ವಾಪಸ್ ಕಳಿಸಬೇಡ.

ಇನ್ನೊಂದು. ಕುಬಸ ಮಾಡುವುದು ತವರಿನ ಕೆಲಸವಾಗಿತ್ತು, ಆಗಲಿಲ್ಲ. ಬಾಣಂತನವೂ ತವರಿನದೇ. ಕೂಸು ಇಲ್ಲ, ಇನ್ನು ಎಂಥ ಬಾಣಂತನ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು. ನೀನು ಹಡೆದಿದ್ದೀ. ಹಡೆದವಳು ಬಾಣಂತಿ. ಎಣ್ಣೆ ನೀರು, ಬೆಚ್ಚಗಿನ ಹಾಸಿಗೆ, ಬಿಸಿ ಊಟ ಇವೆಲ್ಲ ನಿನಗೆ ಸಲ್ಲಬೇಕು. ಗುರವ್ವ ತನ್ನ ಗಂಟು ತಂದು ಇಲ್ಲಿ ಇಟ್ಟಿದ್ದಾಳೆ, ನೀನು ಬರುವವರೆಗೆ ಸುರೇಬಾನಕ್ಕೆ ಹೋಗುವುದಿಲ್ಲ ಅಂತ ಕುಳಿತಿದ್ದಾಳೆ.

ನಾನೇ ಬಂದು ಕರೆತರಲೋ? ಪರದೆಯ ಕಾರಣಕ್ಕೆ ಬರಲಾಗದಿದ್ದರೆ ಅದನ್ನು ತೆಗೆಯುತ್ತೇನೆ. ಇರಲಿ ಅಂದರೆ ಇರುತ್ತದೆ. ನೀನು ಹೇಳಿದಂತೆ.

ಅಪ್ಪ


ಬೈಲಹೊಂಗಲ
22 ಸೆಪ್ಟೆಂಬರ್ 2024

ಅಪ್ಪ,

ಅವ್ವನ ಸೀರೆಯ ಕುಬಸಗಳು ಸರಿಯಾಗಿವೆ. ಮೊದಲ ದಿನ ಲಾಡಿಯ ತುದಿಯಲ್ಲಿ ಕಟ್ಟಿಕೊಂಡಿದ್ದೆ. ಈಗ ಸ್ವಲ್ಪ ಹತ್ತಿರ ಬಂದಿದೆ. ಪ್ರತಿ ಸಲ ಹತ್ತಿರ ಬಂದಾಗಲೂ ಏನೋ ಕಳ್ಳತನ ಮಾಡಿದಂತೆ ಅನಿಸುತ್ತದೆ.

ಎರಡನೆಯ ಸುಳ್ಳ ಕುಬಸ ಎಲ್ಲಿ ಅಂತ ಕೇಳಿದ್ದಿ. ಅದು ವಾಪಸ್ ಬರುವುದಿಲ್ಲ ಅಪ್ಪ. ಇಷ್ಟು ದಿನ ಬರೆಯಲು ಆಗಿರಲಿಲ್ಲ.

ಆ ಮಂಗಳವಾರ ಅದನ್ನೇ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತು ಗುರುತು ಹಾಕುತ್ತಿದ್ದೆ. ಎಡಗಡೆ ಹಾಕಿದ್ದೆ. ಬಲಗಡೆ ಹಾಕಲು ಕೈ ಎತ್ತಿದಾಗ, ಮುಂಜಾನೆಯಿಂದ ಅವಳು ಅಲುಗಾಡಿಲ್ಲ ಅಂತ ಹೊಳೆಯಿತು. ತೊಟ್ಟ ಬಟ್ಟೆಯಲ್ಲೇ ದವಾಖಾನೆಗೆ ಹೋದೆವು. ಅಲ್ಲಿ ಅದನ್ನು ಬಿಚ್ಚಿಸಿ ಅವರ ಅಂಗಿ ಕೊಟ್ಟರು, ಅತ್ತೆ ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡರು. ಎಲ್ಲ ಆದ ಮೇಲೆ ನರ್ಸ್ ಹೊರಗೆ ಬಂದು, "ಕೂಸಿಗೆ ಒಂದು ಬಟ್ಟಿ ಕೊಡ್ರಿ" ಅಂದರಂತೆ. ನಮ್ಮ ಹತ್ತಿರ ಏನೂ ಇರಲಿಲ್ಲ. ಹುಟ್ಟುವ ಮುಂಚೆ ಕೂಸಿಗೆ ಬಟ್ಟೆ ಹೊಲಿಯಬಾರದು ಅಂತ ಮನೆಯಲ್ಲೂ ಒಂದು ಚೂರು ಇರಲಿಲ್ಲ. ಚೀಲದಲ್ಲಿ ನಿನ್ನ ಸುಳ್ಳ ಕುಬಸವಿತ್ತು. ಅರಿಶಿನವೂ ಇತ್ತು ಅದಕ್ಕೆ, ನೀನು ಹಚ್ಚಿದ್ದು.

ಅತ್ತೆ ಅದರಲ್ಲೇ ಸುತ್ತಿ ಒಂದು ಸಲ ನನ್ನ ಕೈಗೆ ಕೊಟ್ಟರು. ಅವಳಿಗೆ ಬಹಳ ದೊಡ್ಡದಾಗಿತ್ತು ಅಪ್ಪ. ತೋಳುಗಳನ್ನು ಮಡಚಿ ಒಳಗೆ ಸೇರಿಸಿದರೂ ಇನ್ನೂ ಉಳಿಯುತ್ತಿತ್ತು. ಹಾಗೇ ಒಯ್ದರು. ನನಗೆ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಅವಳ ಅಳತೆಯದು ಒಂದೂ ಇರಲಿಲ್ಲ.

ಗುರುವಾರ ಬರುತ್ತೇನೆ. ಗೌರೀಶ ಬಸ್ಸಿಗೆ ಹತ್ತಿಸುತ್ತಾನೆ, ಮಹಾಂತಪ್ಪನವರು ಸವದತ್ತಿಯಲ್ಲಿ ಇಳಿಯಲು ಬಿಡುವುದಿಲ್ಲ ಅಂದಿದ್ದಾರೆ. ಪರದೆ ತೆಗೆಯಬೇಡ.

ವಿಜಯಾ


ರಾಮದುರ್ಗ
24 ಸೆಪ್ಟೆಂಬರ್ 2024

ವಿಜಯಾ,

ಇದನ್ನು ಮಹಾಂತಪ್ಪನ ಕೈಯಲ್ಲೇ ಕೊಟ್ಟಿದ್ದೇನೆ, ಬಸ್ಸಿನಲ್ಲಿ ಕುಳಿತ ಮೇಲೆ ಓದು.

ಪರದೆಯನ್ನು ಒಗೆದು ಮತ್ತೆ ಅಲ್ಲೇ ಕಟ್ಟಿದ್ದೇನೆ. ಅದರಾಚೆ ನಿನಗೆ ಹಾಸಿಗೆ ಹಾಸಿದೆ. ಅವ್ವ ಹೋದ ಮೇಲೆ ನಾನು ಆಚೆ ಕಾಲಿಟ್ಟದ್ದು ಇದೇ ಮೊದಲು. ಕಿಟಕಿಯ ಬೆಳಕು ಚೆನ್ನಾಗಿದೆ. ನಾನು ಈಚೆ ಮಷೀನಿನ ಹತ್ತಿರ ಇರುತ್ತೇನೆ, ಕರೆದರೆ ಕೇಳುತ್ತದೆ. ಕರೆಯದಿದ್ದರೂ ಇರುತ್ತೇನೆ. ಖಣವನ್ನು ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೇನೆ, ಅದರ ಮಾತು ಈಗ ಬೇಡ.

ಅವಳಿಗೆ ದೊಡ್ಡದಾಗಿತ್ತು ಅಂತ ಬರೆದಿದ್ದೀ. ಆ ಒಂದು ಸಾಲು ಓದಿ ಮುಂದಕ್ಕೆ ಹೋಗಲು ನನಗೆ ಆಗಲಿಲ್ಲ. ಆಮೇಲೆ ಹೋದೆ. ದೊಡ್ಡದಾಗಿದ್ದರೆ ತಪ್ಪೇನೂ ಆಗಿಲ್ಲ ಮಗಳೇ. ಕೂಸಿನ ಬಟ್ಟೆಯನ್ನು ನಮ್ಮ ಅಂಗಡಿಯಲ್ಲಿ ಯಾವತ್ತೂ ಬೆಳೆಯುವ ಅಳತೆಗೇ ಹೊಲಿಯುತ್ತೇವೆ.

ಅಪ್ಪ